ಬೇತಮಂಗಲದ ‘ಲ’

ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಇರುತ್ತದಲ್ಲ, ಆ ಅಕ್ಷರಗಳನ್ನು ಹೊಸದಾಗಿ ರೂಪಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪೇಂಟರುಗಳು ಬ್ರಷ್ಷಿನಲ್ಲಿ ಬರೆಯುತ್ತಿದ್ದ ಹಳೆಯ ದಪ್ಪ ಅಕ್ಷರವೇ ಮೂಲ. ಅದರ ಬೊಜ್ಜು ಇಳಿಸಿ, ದೂರದಿಂದಲೂ ಸ್ಪಷ್ಟವಾಗಿ ಕಾಣುವಂತೆ ಮಾಡಬೇಕಿತ್ತು. ಮಾಡಿದೆ. ಮೀಟಿಂಗಿನಲ್ಲಿ ಎಲ್ಲರೂ ತಲೆದೂಗಿದರು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟೆನೋ ಏನೋ ಎಂಬ ಅಳುಕು ನನಗೆ ಮಾತ್ರ ಇತ್ತು.

ಕಾರಣ ನಮ್ಮಮ್ಮ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಂಡರ್ಸನ್‌ಪೇಟೆಯಿಂದ ಬೇತಮಂಗಲದ ಕಡೆಯ ಟೊಮೆಟೊ ತೋಟಗಳಿಗೆ ಕೂಲಿಗೆ ಹೋಗುತ್ತಾ, ಬಸ್ಸಿನ ಬೋರ್ಡು ನೋಡಿ ನೋಡಿಯೇ ಓದಲು ಕಲಿತವಳು. ಓದು ಅಂದರೂ ಅಷ್ಟೇ: ಕೊನೆಯಲ್ಲಿ ದಪ್ಪ ಸುಳಿಯ ‘ಲ’ ಇದ್ದರೆ ಬೇತಮಂಗಲ, ಇಲ್ಲದಿದ್ದರೆ ಬಂಗಾರಪೇಟೆ. ಆ ಒಂದು ಅಕ್ಷರದ ಬಲದ ಮೇಲೆ ಯಾರನ್ನೂ ಕೇಳದೆ ಓಡಾಡುತ್ತಿದ್ದಳು. ಎಷ್ಟು ಜಂಬ ಅವಳಿಗೆ! ನಾನು ತೆಳ್ಳಗೆ ಮಾಡಿದ್ದು ಅದೇ ಸುಳಿಯನ್ನು.

ಹೊಸ ಬೋರ್ಡಿನ ಬಸ್ಸು ಮೊದಲ ಸಲ ಓಡುವ ಬೆಳಿಗ್ಗೆ ಅಮ್ಮನ ಜೊತೆ ಸ್ಟಾಪಿಗೆ ಹೋದೆ. ಅಕ್ಷರ ಬದಲಿಸಿದ್ದು ನಾನೇ ಎಂದು ಹೇಳಲಿಲ್ಲ, ಹೇಳಿದರೆ ಮಗಳ ಮನಸ್ಸು ನೋಯಬಾರದೆಂದು ಗುರುತು ಸಿಗದಿದ್ದರೂ ಸಿಕ್ಕಿತು ಅಂದುಬಿಡುತ್ತಾಳೆ. ಬಸ್ಸು ತಿರುವಿನಲ್ಲಿ ಕಾಣಿಸಿತು. ದೇವರೇ, ಅಮ್ಮ ಎದ್ದು ಕೈ ಅಡ್ಡ ಹಿಡಿಯಲಿ.

ಅಮ್ಮ ಕಲ್ಲುಬೆಂಚಿನ ಮೇಲೆ ಕೂತಲ್ಲಿಂದಲೇ ಕಣ್ಣು ಕಿರಿದು ಮಾಡಿ ನೋಡಿದಳು. ಬುತ್ತಿಯ ಚೀಲ ತೊಡೆಯ ಮೇಲೇ ಇತ್ತು.

“ನಮ್ದಲ್ಲ ಬಿಡು, ಬಂಗಾರಪೇಟೇದು,” ಅಂದಳು.

ಅದೇ ನಮ್ಮ ಬಸ್ಸು ಎನ್ನಲು ಧೈರ್ಯ ಸಾಲದೆ ನಾನು ಬೋರ್ಡನ್ನೇ ನೋಡುತ್ತಾ ನಿಂತೆ. ಬಸ್ಸು ನಿಂತಿತು, ಜನ ಹತ್ತಿದರು. ಕಂಡಕ್ಟರು ಹೊರಡುವಾಗ “ಬೇತಮಂಗಲಾ, ಬೇತಮಂಗಲಾ” ಎಂದು ಕೂಗಿ ಸೀಟಿ ಊದಿದ. ಅಮ್ಮ ಗಡಬಡಿಸಿ ಏಳುವಷ್ಟರಲ್ಲಿ ಬಸ್ಸು ಹೋಗೇಬಿಟ್ಟಿತು.

ಅವಳು ಮೆಲ್ಲಗೆ ಕೂತಳು. “ನನ್ ಕಣ್ ಓಯ್ತು ಕಣಮ್ಮಾ. ನಾಳೆಯಿಂದ ಒಬ್ಳೇ ಎಂಗ್ ಓಗ್ಲಿ?”

ಅಳು ಬಂತು ನನಗೆ. “ನಿನ್ ಕಣ್ಣಿಗೇನೂ ಆಗಿಲ್ಲಮ್ಮಾ. ಬೋರ್ಡಲ್ಲಿ ಅಕ್ಷರಾನೇ ಬದಲಾಯ್ಸವ್ರೆ.”

ಅಮ್ಮನ ಮುಖಕ್ಕೆ ಜೀವ ಬಂತು, ಅದರ ಹಿಂದೆಯೇ ಸಿಟ್ಟು. “ಅಂಗಾ? ಚೆನ್ನಾಗಿದ್ದಿದ್ನ ಕೆಡಿಸ್ದೋರ್ ಕೈ ಸೇದೋಗ!”

ನಾನು ಬಲಗೈಯನ್ನು ದುಪಟ್ಟಾದೊಳಗೆ ಎಳೆದುಕೊಂಡೆ.