ಕೆಳಗ್ಯಾರ್ಲಾ!

ಮೊಮ್ಮಗಳ ಕಪ್ಪು ಬೆಲ್ಟನ್ನು ಜೋಪಾನ ಮಾಡೋಣವೆಂದು ಇವತ್ತು ಟ್ರಂಕು ತೆಗೆದೆ. ತಳದಲ್ಲಿದ್ದ ಹಳೆಯ ಹಳದಿ ಬೆಲ್ಟಿನಿಂದ ಒಣಕೊಬ್ಬರಿಯ ವಾಸನೆ ಬಂತು. ಮಾಸ್ಟ್ರೇ ಬಂದು ಎದುರಿಗೆ ನಿಂತ ಹಾಗಾಯಿತು...

ತಿಪಟೂರಿನಲ್ಲಿ ಅವರಿಗೆ ಟೈಲರ್ ಅಂಗಡಿಯಿತ್ತು. ಸಂಜೆ ಅಂಗಡಿ ಮುಚ್ಚಿ, ಖಾಲಿ ಬಿದ್ದಿದ್ದ ಕೊಬ್ಬರಿ ಗೋಡೌನಿನಲ್ಲಿ ಮಕ್ಕಳಿಗೆ ಟೇಕ್ವಾಂಡೋ ಕಲಿಸುತ್ತಿದ್ದರು. ಅದಕ್ಕೆ ಹಾಕುವ ಬಿಳಿ ಬಟ್ಟೆಯನ್ನೂ ಅವರೇ ಹೊಲಿಯುತ್ತಿದ್ದರು. ಬೆಳೆಯುವ ಮಕ್ಕಳೆಂದು ಪ್ಯಾಂಟಿನ ತುದಿಯಲ್ಲಿ ನಾಲ್ಕು ಬೆರಳು ಬಟ್ಟೆ ಮಡಿಸಿಡುತ್ತಿದ್ದರು. ಅಂಥ ಮನುಷ್ಯ.

ನಮ್ಮ ಹುಡುಗಿ ಒದೆಯುವುದರಲ್ಲಿ ಮುಂದು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಒದೆಯುವಾಗ ಜೋರಾಗಿ ಕೂಗಬೇಕು. ಕೂಗದೆ ಮೊದಲ ಬೆಲ್ಟಿನ ಪರೀಕ್ಷೆಯಲ್ಲೇ ಫೇಲಾಗಿ ಬಂದಳು. "ಇನ್ನೊಂದ್ಸಲ ಫೇಲಾದ್ರೆ ಬುಡಿಸ್ಬುಡ್ತೀನಿ" ಎಂದ ನನ್ನ ಮಗ. ಅವಳು ಅವತ್ತು ಊಟವನ್ನೇ ಮುಟ್ಟಲಿಲ್ಲ.

ಮಾಸ್ಟ್ರ ಹತ್ತಿರ ಹೋಗಿ ಹೇಳಿಕೊಂಡೆ. ಅವರು, "ಅಜ್ಜಿ, ತೋಟದಾಗೆ ಕಾಯಿ ಕೆಡವೋ ಮುಂಚೆ ಮರದ ಮ್ಯಾಲಿಂದ ಏನಂತ ಕೂಗ್ತಾರೆ?" ಎಂದರು.

"ಕೆಳಗ್ಯಾರ್ಲಾ ಅಂತಾರೆ ಮಾಸ್ಟ್ರೇ."

"ಹಂಗಲ್ಲ, ಮರ ಹತ್ತಿದ್ದೋರಂಗೆ ಕೂಗಿ ನೋಡನ."

ಸೆರಗು ಸಿಕ್ಕಿಸಿಕೊಂಡು ಕೂಗಿದೆ. ಗೋಡೌನಿನ ತಗಡೇ ನಡುಗಿತು! ಆ ಮೂಲೆಯಿಂದ ಮಾಸ್ಟ್ರು, ಮರದ ಬುಡದಲ್ಲಿ ನಿಂತವರ ಹಾಗೆ, "ಯಾರೂ ಇಲ್ಲ, ಬುಡೂ!" ಎಂದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಗುನಗುತ್ತಲೇ ನನ್ನ ಮೊಮ್ಮಗಳೂ ಕೂಗಿ ಒದ್ದಳು.

ಮುಂದಿನ ಪರೀಕ್ಷೆಯಲ್ಲೂ ಹಾಗೇ ಕೂಗಿದಳು. ಮಾಸ್ಟ್ರು ಗೋಡೆ ಪಕ್ಕದಿಂದ ಉತ್ತರ ಕೊಟ್ಟರು. ಪರೀಕ್ಷೆಗೆ ಬಂದಿದ್ದ ಸಾಹೇಬರು, "ಏನ್ರೀ ಇದು?" ಎಂದು ಹುಬ್ಬೇರಿಸಿದರು.

"ಕೂಗು ಸಾರ್. ಜೋರಾಗಿತ್ತಲ್ವಾ?"

ಮಾಸ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹಳದಿ ಬೆಲ್ಟು ಸಿಕ್ಕಿತು. ಆಮೇಲೆ ಪ್ರತಿ ಪರೀಕ್ಷೆಯಲ್ಲೂ ಇವಳು ಕೂಗುವುದು, ಅವರು ಉತ್ತರಿಸುವುದು... ಅವರು ತೀರಿಕೊಂಡು ಈಗ ಒಂದು ವರ್ಷ.

ಮೊನ್ನೆ ಕಪ್ಪು ಬೆಲ್ಟಿನ ಪರೀಕ್ಷೆ. ಹಲಗೆ ಒಡೆಯಬೇಕಿತ್ತು. "ಕೆಳಗ್ಯಾರ್ಲಾ!" ಎಂದವಳು ಕಾಲೆತ್ತದೆ ಹಾಗೇ ನಿಂತುಬಿಟ್ಟಳು. ಗೋಡೆ ಪಕ್ಕ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅಷ್ಟು ಜನರ ನಡುವೆ ನಾನೇ ಎದ್ದು ನಿಂತೆ.

"ಯಾರೂ ಇಲ್ಲ ಕಣವ್ವಾ, ಬುಡೂ!"

ಹಲಗೆ ಎರಡು ಹೋಳು!

ಸಂತೋಷ ತಡೆಯಲಾರದೆ ಬೀದಿಯವರಿಗೆಲ್ಲ ಹೇಳಿದ್ದೇನೆ, ಹಾಲಿನವನಿಗೆ ಎರಡು ಸಲ. ಮೊದಲು ಹೇಳಬೇಕಾಗಿದ್ದವರಿಗೆ ಮಾತ್ರ ಹೇಳಲಾಗಲಿಲ್ಲ... ಎರಡೂ ಬೆಲ್ಟನ್ನು ಒಟ್ಟಿಗೇ ಮಡಿಸಿಟ್ಟೆ. ಕಪ್ಪು ಬೆಲ್ಟಿಗೂ ಸ್ವಲ್ಪ ಕೊಬ್ಬರಿ ವಾಸನೆ ಹತ್ತಲಿ.