ಹಳೇಬೀಡು ಬಸ್ಸಿನ ಗುಂಪು

ಈವತ್ತು ಬೆಳಿಗ್ಗೆ ಲ್ಯಾಬಿನ ಬೀರು ತೆಗೆದಾಗ ಕೊಬ್ಬರಿ ವಾಸನೆಯ ಜೊತೆ ಒಂದು ಹಳದಿ ಹಾಳೆ ಕೈಗೆ ಬಂತು. ವಾಸನೆಗೆ ಆಶ್ಚರ್ಯಪಡಬೇಡಿ, ಅರಸೀಕೆರೆಯ ನಮ್ಮ ಕಾಲೇಜಿನ ಹಿಂದೆಯೇ ಕೊಬ್ಬರಿ ಮಂಡಿ, ಕಂಪ್ಯೂಟರಿಗೂ ಅದೇ ವಾಸನೆ. ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಹನ್ನೊಂದು ಸಾಲುಗಳಿದ್ದವು. ವರ್ಷಗಳ ಹಿಂದೆ ಪದ್ಮಾ ಮೇಡಂ ಬರೆದುಕೊಟ್ಟ ಶೆಲ್ ಸ್ಕ್ರಿಪ್ಟ್, ಎಂದರೆ ಕಂಪ್ಯೂಟರು ಒಂದಾದ ಮೇಲೊಂದು ತಾನೇ ಮಾಡಬೇಕಾದ ಕೆಲಸಗಳ ಪಟ್ಟಿ.

ಆಗ ನಾನು ಲ್ಯಾಬ್ ಸಹಾಯಕ. ಈಗಲೂ ಅದೇ, ಕನ್ನಡಕ ಮಾತ್ರ ಹೊಸದು. ಪ್ರತಿ ವರ್ಷ ಹೊಸ ಮಕ್ಕಳಿಗೆ ಸರ್ವರಿನಲ್ಲಿ ಖಾತೆ ತೆರೆಯುವುದು ನನ್ನ ಕೆಲಸ. ಒಬ್ಬೊಬ್ಬರ ಹೆಸರು, ಪಾಸ್‌ವರ್ಡ್, ಕೊನೆಗೆ ಗುಂಪು. ಗುಂಪು ಎಂದರೆ ನಮ್ಮಲ್ಲಿ ಬಸ್ಸು. ಮಕ್ಕಳು ಬರುವ ಹೊತ್ತಿಗೆ ತಕ್ಕಂತೆ ಲ್ಯಾಬ್ ನಡೆಯಬೇಕಲ್ಲ? ಬೇಲೂರು ಬಸ್ಸಿನವರದು ಒಂದು ಗುಂಪು, ಹಳೇಬೀಡು ಬಸ್ಸಿನವರದು ಇನ್ನೊಂದು, ರೈಲಿನವರದು ಮತ್ತೊಂದು. ಪ್ರಾಜೆಕ್ಟಿನ ಕಡತ ತೆರೆಯಲು ಪ್ರಾಜೆಕ್ಟ್ ಗುಂಪು ಬೇರೆ. ಮೂರು ದಿನ ಕುಟ್ಟಿದರೂ ಮುಗಿಯುತ್ತಿರಲಿಲ್ಲ. ನನಗೋ ಅದರದೇ ಜಂಬ.

ಉಪನ್ಯಾಸಕಿಯಾಗಿ ಹೊಸದಾಗಿ ಬಂದ ಪದ್ಮಾ ಮೇಡಂ ಅರ್ಧ ದಿನ ನೋಡಿದರು. "ಏನ್ರೀ, ಮದುವೆ ಕರೆಯೋಲೆಗೆ ವಿಳಾಸ ಬರೆದಂಗೆ ಬರೀತಿದೀರಲ್ಲ" ಎಂದು ನಕ್ಕು, ಹಾಳೆ ಕೇಳಿ ಈ ಸಾಲುಗಳನ್ನು ಗೀಚಿದರು. ಟೈಪು ಮಾಡಿ, ಹೆಸರಿನ ಪಟ್ಟಿ ಕೊಟ್ಟು ಓಡಿಸಿದರು. ನನ್ನ ಕೈಯ ಟೀ ಆರುವ ಮೊದಲೇ ಇಡೀ ಕಾಲೇಜು ಒಳಗೆ ಬಂದಿತ್ತು, ಪ್ರತಿಯೊಬ್ಬರೂ ಅವರವರ ಬಸ್ಸಿನಲ್ಲಿ. ಬೆರಗಾಗಿ ನಿಂತೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ನನಗೂ ಧಿಮಾಕು ಬಂತು. ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ, ನಾಳೆ ಹಳೇಬೀಡು ಬಸ್ಸಿಲ್ಲ ಎಂದು ಗೊತ್ತಾಯಿತು. ಬೇಲೂರು ಬಸ್ಸು ಹೇಗೂ ಹಳೇಬೀಡಿನ ಮೇಲೇ ಬರುತ್ತದೆ. ಆ ಮಕ್ಕಳನ್ನೂ ಬೇಲೂರು ಗುಂಪಿಗೆ ಸೇರಿಸಿದರಾಯಿತು ಎಂದು ನಾನೇ ಸ್ಕ್ರಿಪ್ಟ್ ತಿದ್ದಿ ಓಡಿಸಿದೆ. ಸ್ವಲ್ಪ ಹೊತ್ತಿಗೆ ಹಳೇಬೀಡು ಬಸ್ಸಿನ ಸವಿತಾ ಎಂಬ ಹುಡುಗಿ ಬಂದು ನಿಂತಳು. ರಾಗಿ ಬೆಳೆಯುವ ಮನೆಯವಳು, ಮನೆಯಲ್ಲಿ ಕಂಪ್ಯೂಟರಿಲ್ಲ. ವರ್ಷದ ಕೆಲಸವೆಲ್ಲ ನಮ್ಮ ಸರ್ವರಿನಲ್ಲೇ.

"ಸಾರ್, ನನ್ ಪ್ರಾಜೆಕ್ಟ್ ತೆಗೀತಾ ಇಲ್ಲ. ನಾಳೆ ಪರೀಕ್ಷೆ ಐತೆ."

ಅಳಿಸಿಯೇಬಿಟ್ಟೆ ಎಂದುಕೊಂಡೆ. ಬಸ್ ನಿಲ್ದಾಣಕ್ಕೆ ಹೊರಟಿದ್ದ ಮೇಡಂ ಹಿಂದಿರುಗಿ ಬಂದು ನೋಡಿದರು. "ಹೋಗಿಲ್ಲ ಕಣಮ್ಮ, ಬಾಗಿಲು ಹಾಕ್ಕೊಂಡಿದೆ ಅಷ್ಟೇ. ತಪ್ಪು ನಮ್ದು" ಎಂದು ಅವಳಿಗೆ ಹೇಳಿದರು. ನಿಮ್ಮ ಸಾರ್‌ದು ಎನ್ನಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹೊಸ ಗುಂಪಿಗೆ ಹಾಕು ಅಂದ್ರೆ ಇದು ಹಳೇ ಗುಂಪೆಲ್ಲ ಬಿಡಿಸಿಬಿಡುತ್ತೆ. ಪ್ರಾಜೆಕ್ಟ್ ಗುಂಪೂ ಹೋಯ್ತು. ಹಳೇದೂ ಇರಲಿ ಅಂತ ನಾವೇ ಹೇಳ್ಬೇಕು ಕಣ್ರೀ" ಎಂದರು. ಹಾಳೆಯ ಮೇಲೆ ಆ ಸೂಚನೆ ಸೇರಿಸಿ, ಕೆಳಗೆ ಗೆರೆ ಎಳೆದು, ಎಲ್ಲರ ಗುಂಪುಗಳೂ ಇದ್ದ ಮೊದಲಿನ ಪಟ್ಟಿಯನ್ನು ಮತ್ತೆ ಓಡಿಸಿದರು. ಸವಿತಾಳ ಕೆಲಸ ಇಟ್ಟ ಹಾಗೇ ತೆರೆದುಕೊಂಡಿತು. ಮೇಡಂ ಹತ್ತಬೇಕಿದ್ದ ಬಸ್ಸು ಮಾತ್ರ ಹೋಗಿತ್ತು.

ಅವರೀಗ ನಿವೃತ್ತರಾಗಿ ಬೇಲೂರಿನಲ್ಲಿದ್ದಾರೆ. ಈವತ್ತಿನ ಪಟ್ಟಿಯ ಕೊನೆಯಲ್ಲಿ ಹೊಸ ಉಪನ್ಯಾಸಕಿಯ ಹೆಸರಿತ್ತು: ಅದೇ ಸವಿತಾ. ಗುಂಪು, ಅಧ್ಯಾಪಕರದು. ಅವರ ಹಳೇ ಖಾತೆ ಯಾರೂ ಮುಟ್ಟದೆ ಹಾಗೇ ಉಳಿದಿತ್ತು. ಸ್ಕ್ರಿಪ್ಟ್ ಓಡಿಸಿದೆ. ಇಷ್ಟು ವರ್ಷವಾದರೂ ಪರದೆಯ ಮೇಲೆ ಆ ಹೆಸರುಗಳು ಹರಿಯುವುದನ್ನು ನೋಡುತ್ತಾ ಕೂತರೆ ನನ್ನ ಟೀ ಆರುತ್ತದೆ.

ಪಕ್ಕದಲ್ಲಿ ಕುಳಿತಿದ್ದ ಸವಿತಾ ಪರದೆಯತ್ತ ಬಾಗಿದರು. "ಸಾರ್, ನಾನಿನ್ನೂ ಹಳೇಬೀಡು ಬಸ್ಸಲ್ಲೇ ಇದೀನಲ್ಲ. ತೆಗೀಲಿಲ್ವಾ?"

"ಇಲ್ಲ ಮೇಡಂ" ಎಂದು ಹಾಳೆಯನ್ನು ಅವರ ಮುಂದಿಟ್ಟೆ.

ಹಳೇದೂ ಇರಲಿ ಎಂಬ ಸೂಚನೆಯ ಕೆಳಗೆ ಪದ್ಮಾ ಮೇಡಂ ಎಳೆದಿದ್ದ ಗೆರೆಯ ಮೇಲೆ ಸವಿತಾ ಬೆರಳಾಡಿಸಿದರು.

"ತಪ್ಪು ನಮ್ದು ಅಂದಿದ್ರು, ಅಲ್ವಾ ಸಾರ್?" ಎಂದರು.