ಮೂರು ಸುತ್ತಿನ ತಂತಿ

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಅಂಗಡಿ. ಹಲಗೆಯ ಮೇಲೆ ‘ಗಯಾಸ್ ವೈರಿಂಗ್’ ಎಂದು ಬರೆದಿತ್ತು. ಒಳಗೆ ಕೂತು ಲಾರಿ, ಜೀಪುಗಳ ವೈರು ಬಿಚ್ಚಿ ಕಟ್ಟುತ್ತಿದ್ದವಳು ಗಯಾಸುದ್ದೀನನ ಹೆಂಡತಿ ಬೀಬಿಜಾನ. ಗಯಾಸುದ್ದೀನ್ ಬಸ್ ಸ್ಟ್ಯಾಂಡಿನ ಮುಂದೆ ಪೇರಲದ ಬಂಡಿ ನಿಲ್ಲಿಸಿಕೊಂಡು ಗಿರಾಕಿಗೆ ಕಾಯುತ್ತಿದ್ದ. ಹೊಸಬರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಊರಿನವರಿಗೆ ಕಾರಣ ಗೊತ್ತಿತ್ತು, ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ.

ಮದುವೆಯಾಗಿ ಬಂದ ವರ್ಷವೇ ಗಂಡ ಸುಟ್ಟ ಡೈನಮೊಗಳನ್ನು ಮನೆಗೆ ತರತೊಡಗಿದ್ದ. ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದು, ಬೀಬಿಜಾನ ಅವುಗಳ ಹಳೆಯ ತಂತಿ ಕಿತ್ತು ಹೊಸ ತಾಮ್ರ ಸುತ್ತುತ್ತಿದ್ದಳು. ಸುತ್ತು ಎಷ್ಟು ಎನ್ನುವುದಕ್ಕಿಂತ ಯಾವ ದಿಕ್ಕಿಗೆ ಎನ್ನುವುದು ದೊಡ್ಡದು ಎಂದು ಗಂಡ ಮೊದಲ ದಿನವೇ ಹೇಳಿದ್ದ. ದಿಕ್ಕು ತಪ್ಪಿದರೆ ಡೈನಮೊ ದಿನವಿಡೀ ತಿರುಗಿದರೂ ದೀಪ ಹತ್ತುವುದಿಲ್ಲ. ಎರಡು ವರ್ಷದಲ್ಲಿ ಅವಳು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಸವರಿ ಇದು ಯಾರ ಕೈಸುತ್ತು ಎಂದು ಹೇಳಬಲ್ಲವಳಾದಳು. ಗಯಾಸುದ್ದೀನನ ಸುತ್ತು ಬಿಗಿ, ಅವಳದು ಇನ್ನೂ ಬಿಗಿ. ಎರಡೂ ಒಂದೇ ದಿಕ್ಕು.

ತೊಂಬತ್ತಾರರ ಬೇಸಗೆಯಲ್ಲಿ ನಾಗನಾಥನ ಲಾರಿ ರಾಜೇಶ್ವರದ ಆಚೆ ತೊಗರಿ ಚೀಲಗಳ ಸಮೇತ ಸುಟ್ಟುಹೋಯಿತು. ಆಗ ನಾಗನಾಥನಿಗೆ ಇದ್ದದ್ದು ಅದೊಂದೇ ಲಾರಿ, ತಾನೇ ಹೊಡೆಯುತ್ತಿದ್ದ. ಬಾಗಿಲು ತೆಗೆದು ಹಾರಿ ಜೀವ ಉಳಿಸಿಕೊಂಡ. ಆ ದಾರಿಯ ಲಾರಿ ಮಾಲೀಕರಲ್ಲಿ ಒಂದು ರೂಢಿ ಇತ್ತು: ಹೊಡೆಯುವವನ ತಪ್ಪಿಲ್ಲದೆ ಲಾರಿ ಹೋದರೆ ಎಲ್ಲರೂ ಕೈ ಸೇರಿಸಿ ಅವನನ್ನು ಮತ್ತೆ ರಸ್ತೆಗಿಳಿಸುತ್ತಿದ್ದರು. ತಪ್ಪು ಅವನದೇ ಆದರೆ ಅವನ ಪಾಡು ಅವನಿಗೆ. ಮಾಲೀಕರ ಅಧ್ಯಕ್ಷ, ಹಿರಿಯ ವೀರಭದ್ರಪ್ಪನವರ ಮುಂದೆ ನಾಗನಾಥ ಹೇಳಿದ: ವೈರಿಂಗ್ ಮಾಡಿದವನು ಗಯಾಸ್ ಮಿಸ್ತ್ರಿ, ಫ್ಯೂಸೇ ಹಾಕಿರಲಿಲ್ಲ.

ಗಯಾಸುದ್ದೀನ್ ರಾಜೇಶ್ವರಕ್ಕೆ ಹೋಗಿ, ಕರಿ ಹಿಡಿದ ಲಾರಿಯ ಹೊಟ್ಟೆಯೊಳಗೆ ಕೈ ಹಾಕಿ ಅದೇ ಫ್ಯೂಸನ್ನು ಕಿತ್ತು ತಂದಿದ್ದ. ಬೆರಳಿನ ಗೆಣ್ಣಿನಷ್ಟು ಉದ್ದದ ಪಿಂಗಾಣಿ ತುಂಡು. ಅದರ ಮೇಲೆ ಯಾರೋ ದಪ್ಪ ತಾಮ್ರದ ತಂತಿಯನ್ನು ಮೂರು ಸುತ್ತು ಸುತ್ತಿದ್ದರು. ಫ್ಯೂಸ್ ಇರುವುದೇ ವೈರು ಬಿಸಿಯಾಗುವ ಮೊದಲು ತಾನು ಸುಟ್ಟುಕೊಂಡು ದಾರಿ ಕಡಿಯಲಿಕ್ಕೆ. ಅದರ ಮೇಲೆ ತಂತಿ ಸುತ್ತಿದರೆ ದಾರಿ ಕಡಿಯುವುದಿಲ್ಲ, ಉಳಿದದ್ದೆಲ್ಲ ಸುಡುತ್ತದೆ. ಇದು ನನ್ನ ಕೈಯಲ್ಲ ಎಂದು ಗಯಾಸುದ್ದೀನ್ ಹೇಳಿದ. ನಿನ್ನ ಕಿಸೆಯಿಂದ ತೆಗೆದದ್ದು ಸಾಕ್ಷಿ ಹೇಗಾಗುತ್ತದೆ ಎಂದು ಮಾಲೀಕರು ಕೇಳಿದರು. ಆ ದಿನದಿಂದ ಒಂದು ಲಾರಿಯೂ ಅವನ ಅಂಗಡಿಗೆ ಬರಲಿಲ್ಲ. ಆರು ತಿಂಗಳು ಖಾಲಿ ಅಂಗಡಿಯಲ್ಲಿ ಕೂತ. ಏಳನೆಯ ತಿಂಗಳು ತಂತಿ ಕತ್ತರಿಸುವ ಪಕ್ಕಡವನ್ನು ಹೆಂಡತಿಯ ಮುಂದಿಟ್ಟು ಪೇರಲದ ಬಂಡಿ ಹಿಡಿದ.

ಬೀಬಿಜಾನ ಪಿಂಗಾಣಿ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಳು. ಮೊದಲ ಸಲ ಸವರಿದಾಗಲೇ ಅವಳಿಗೆ ಗೊತ್ತಾಗಿತ್ತು: ಮೂರೂ ಸುತ್ತು ತಿರುಗುಮುರುಗು. ಎಡಗೈಯವನ ಸುತ್ತು. ಆದರೆ ಯಾರ ಎಡಗೈ? ನಾಗನಾಥ ಬಲಗೈಯಿಂದಲೇ ಉಣ್ಣುತ್ತಿದ್ದ, ಬಲಗೈಯಿಂದಲೇ ಸಹಿ ಹಾಕುತ್ತಿದ್ದ. ಅವನ ಮೇಲೆ ಅನುಮಾನವಿತ್ತು, ಆದರೆ ಅನುಮಾನವನ್ನು ಬೆರಳಿನಿಂದ ಸವರಿ ನೋಡಲಾಗುವುದಿಲ್ಲ. ಅವಳು ಕಾದಳು. ಕಾಯುತ್ತ ಕೆಲಸ ಕಲಿತಳು. ಮೊದಲು ಮುಡಬಿ ಕಡೆಯ ಶೇರ್ ಆಟೋಗಳು ಬಂದವು, ಆಮೇಲೆ ಜೀಪುಗಳು. ಲಾರಿಗಳು ಮಾತ್ರ ಅಂಗಡಿಯ ಮುಂದೆ ಧೂಳೆಬ್ಬಿಸಿ ಹೋಗುತ್ತಿದ್ದವು. ಪ್ರತಿ ಲಾರಿ ಹೋದಾಗಲೂ ಅವಳು ತಲೆ ಎತ್ತಿ ಅದರ ಹಿಂಬದಿಯ ಹೆಸರು ಓದುತ್ತಿದ್ದಳು.

ಎರಡು ಸಾವಿರದ ಮೂರರಲ್ಲಿ ಹೆದ್ದಾರಿ ಅಳೆಯಲು ಬಂದ ಇಂಜಿನಿಯರರು ಜೀಪು ನಿಲ್ಲಿಸಿ ಕೇಳಿದರು: ಲ್ಯಾಪ್‌ಟಾಪಿಗೆ ಗಾಡಿಯಿಂದ ಕರೆಂಟ್ ಕೊಡಲು ಬರುತ್ತದೆಯೇ? ಅವಳು ಅಂಥದ್ದನ್ನು ಮೊದಲ ಸಲ ನೋಡುತ್ತಿದ್ದಳು. ಅದರ ತಳಕ್ಕೆ ಅಂಟಿಸಿದ್ದ ಚೀಟಿಯನ್ನು ಅವರಿಂದಲೇ ಓದಿಸಿದಳು. ಅದಕ್ಕೆ ಬೇಕಾದದ್ದು ಹತ್ತೊಂಬತ್ತು ವೋಲ್ಟ್, ಜೀಪಿನ ಬ್ಯಾಟರಿ ಕೊಡುವುದು ಹನ್ನೆರಡು. ನೇರ ಹಚ್ಚಿದರೆ ಅದು ಏಳುವುದಿಲ್ಲ. ನಡುವೆ ಒಂದು ಇನ್ವರ್ಟರ್ ಇಟ್ಟು ಮನೆಯ ಕರೆಂಟಿನಂತೆ ಮಾಡಿ, ಲ್ಯಾಪ್‌ಟಾಪಿನ ಜೊತೆ ಬಂದ ಚಾರ್ಜರನ್ನೇ ಅದಕ್ಕೆ ಸಿಕ್ಕಿಸಬೇಕು. ಬ್ಯಾಟರಿಯ ಬುಡದಿಂದಲೇ ದಪ್ಪ ವೈರು ಎಳೆಯಬೇಕು, ಎಳೆದ ಕಡೆಯೇ ಫ್ಯೂಸ್ ಹಾಕಬೇಕು, ಇಂಜಿನ್ ಚಾಲೂ ಇಟ್ಟಿರಬೇಕು. ಆ ಇಂಜಿನಿಯರರು ಎಂಟು ತಿಂಗಳು ಬಿಸಿಲಲ್ಲಿ ಜೀಪಿನೊಳಗೆ ಕೂತು ರಸ್ತೆಯ ನಕ್ಷೆ ಬರೆದರು. ಗಾಡಿಯಿಂದ ಲ್ಯಾಪ್‌ಟಾಪ್ ನಡೆಸಬಲ್ಲ ಮಿಸ್ತ್ರಿ ಬಸವಕಲ್ಯಾಣದಲ್ಲಿ ಒಬ್ಬಳೇ ಎಂಬ ಮಾತು ಹುಮನಾಬಾದಿನವರೆಗೂ ಹೋಯಿತು.

ಆ ಮಾತೇ ಎರಡು ವರ್ಷದ ಮೇಲೆ ನಾಗನಾಥನನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿತು. ಈಗ ಅವನಿಗೆ ಆರು ಲಾರಿ, ಓಡಾಡಲು ಒಂದು ಜೀಪು. ಹೈದರಾಬಾದಿನಿಂದ ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದಿದ್ದ. ಅದರ ಸ್ವಂತ ಬ್ಯಾಟರಿ ಸತ್ತಿತ್ತು. ವೈರು ಕಿತ್ತರೆ ಆ ಕ್ಷಣಕ್ಕೇ ಆರುತ್ತಿತ್ತು. ವೀರಭದ್ರಪ್ಪನವರಿಗೆ ವಯಸ್ಸಾಗಿತ್ತು. ಬರುವ ಭಾನುವಾರ ಹುಮನಾಬಾದಿನಲ್ಲಿ ಮಾಲೀಕರು ಕೂಡಿ ಹೊಸ ಅಧ್ಯಕ್ಷನನ್ನು ಆರಿಸುವವರಿದ್ದರು. ಯಾವ ಲಾರಿ ಯಾವ ಊರಲ್ಲಿದೆ, ಯಾವ ಮಾಲು ಎಲ್ಲಿಗೆ ಎಂಬುದನ್ನೆಲ್ಲ ಈ ಪೆಟ್ಟಿಗೆಯಲ್ಲಿ ತೋರಿಸಿ ಆ ಕುರ್ಚಿಯಲ್ಲಿ ಕೂರಬೇಕೆಂಬುದು ನಾಗನಾಥನ ಆಸೆ. ಹಗಲಿಡೀ ಕರೆಂಟ್ ಇಲ್ಲದ ದಿನಗಳು.

ಅವನು ಜೀಪಿನಿಂದ ಇಳಿಯಲಿಲ್ಲ.

“ಆಗತದೇನು ನಿನ್ನ ಕೈಲಿ, ಇಲ್ಲಾ ಹೈದರಾಬಾದಿಗೆ ಒಯ್ಯಲಿ?”

“ಹೈದರಾಬಾದದಾಗ ಮಾಡಿಸಿದ್ರ ಬೆಳಕು ಬ್ಯಾರೆ ಬಣ್ಣದ್ದು ಬರ್ತದೇನ್ರಿ ಸಾವ್ಕಾರ್ರ?”

ಅವನು ನಕ್ಕ. “ಮಾಡು ಹಂಗಾದ್ರ. ನಿನ್ನ ಗಂಡನಂಗ ಸುಟ್ಟು ಕೊಡಬ್ಯಾಡ ಮತ್ತ.”

ಬೀಬಿಜಾನ ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗಿನ ಕೆಳಗೆ ತಲೆ ಹಾಕಿದಳು. ಅಲ್ಲಿ ಯಾರೋ ಸಿಗರೇಟು ಹಚ್ಚುವ ತೂತಿನಿಂದ ವೈರು ಎಳೆಯಲು ನೋಡಿ ಸೋತಿದ್ದರು. ಹಚ್ಚಿದ್ದು ಯಾರು ಎಂದು ಕೇಳಿದ್ದಕ್ಕೆ, ನಾನೇ, ಇಂಥದ್ದಕ್ಕೆಲ್ಲ ಯಾರನ್ನು ಕರೆಯುವುದು ಎಂದ ನಾಗನಾಥ. ಕತ್ತಲೆಯಲ್ಲಿ ಅವಳ ಹೆಬ್ಬೆರಳು ಫ್ಯೂಸಿನ ಮೇಲೆ ಬಂತು. ಮೂರು ಸುತ್ತು. ತಿರುಗುಮುರುಗು.

ಅವಳು ಅದನ್ನು ಇನ್ನೊಮ್ಮೆ ಸವರಿದಳು. ಆಗ ಹೊಳೆಯಿತು: ಚಿಕ್ಕಂದಿನಲ್ಲಿ ತಾಯಿಯ ಹೊಡೆತ ತಿಂದು ಎಡದಿಂದ ಬಲಕ್ಕೆ ತಿರುಗಿದ ಕೈ ಇರಬೇಕು ಅದು. ನಾಲ್ಕು ಜನರ ನಡುವೆ ಬಲಗೈ, ಯಾರೂ ನೋಡದ ಕಡೆ, ಅವಸರದಲ್ಲಿ, ಎಡಗೈ. ಒಂಬತ್ತು ವರ್ಷ ಹುಡುಕಿದ ಕೈ ಒಂದು ಗೇಣು ಅಂತರದಲ್ಲಿ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿತ್ತು. ತಲೆ ಹೊರಗೆ ತೆಗೆದಾಗ ಅವಳ ಮುಖ ಎಂದಿನಂತೆಯೇ ಇತ್ತು. ಭಾನುವಾರ ತಾನೇ ಹುಮನಾಬಾದಿಗೆ ಬಂದು ಜೀಪಿನ ಹತ್ತಿರ ನಿಲ್ಲುವುದಾಗಿ ಹೇಳಿದಳು. ಮಿಸ್ತ್ರಿಯೊಬ್ಬಳು ಕಾವಲು ನಿಲ್ಲುವುದು ನಾಗನಾಥನಿಗೆ ಹಿತವಾಗಿಯೇ ಕೇಳಿಸಿತು.

ಆ ಸಂಜೆ ಗಂಡನಿಗೆ ಹೇಳಿದಳು. ಅವನು ಉಳಿದ ಪೇರಲಗಳಲ್ಲಿ ಮೆತ್ತಗಾದವುಗಳನ್ನು ಬೇರೆ ಮಾಡುತ್ತಿದ್ದ. ಬಿಡು, ಹಳೆಯ ಮಾತು ಎಂದ.

“ನೀವು ಬಿಟ್ರಿ,” ಎಂದಳು ಬೀಬಿಜಾನ. “ನಾ ಬಿಟ್ಟಿಲ್ರಿ.”

ಜೀಪಿನಲ್ಲಿ ಸಿಕ್ಕ ಸುತ್ತನ್ನು ಒಯ್ದು ತೋರಿಸಿ ಉಪಯೋಗವಿರಲಿಲ್ಲ. ಮತ್ತೆ ಅದೇ ಮಾತು ಬರುತ್ತಿತ್ತು, ನಿನ್ನ ಕಿಸೆಯದು ಎಂದು. ಆ ಸುತ್ತು ಎಲ್ಲರ ಕಣ್ಣೆದುರು, ಅವನ ಕೈಯಿಂದಲೇ ಹುಟ್ಟಬೇಕಿತ್ತು. ನಾಲ್ಕು ದಿನ ಅವಳು ಅದನ್ನೇ ಯೋಚಿಸಿದಳು. ಲ್ಯಾಪ್‌ಟಾಪ್ ಸುಡುವುದು ಸುಲಭವಿತ್ತು. ಎರಡು ವೈರು ಅದಲುಬದಲು ಮಾಡಿದರೆ ಸಾಕು. ಆದರೆ ಹಾಗೆ ಮಾಡಿದರೆ ಅವನು ಹೇಳಿದ್ದೇ ಖರೆಯಾಗುತ್ತಿತ್ತು. ಅವಳು ಆ ವರ್ಷದ ಅತ್ಯಂತ ಅಚ್ಚುಕಟ್ಟಾದ ವೈರಿಂಗನ್ನು, ಇನ್ವರ್ಟರ್ ಸಮೇತ, ನಾಗನಾಥನ ಜೀಪಿಗೆ ಮಾಡಿದಳು. ಲ್ಯಾಪ್‌ಟಾಪ್ ಒಂದಕ್ಕೆ ಸರಿಯಾಗಿ ಸಾಲುವ ಪಿಂಗಾಣಿ ಫ್ಯೂಸ್ ಹಾಕಿದಳು.

ಭಾನುವಾರ ಬೆಳಿಗ್ಗೆ ಹುಮನಾಬಾದಿನ ಒಂದು ಬೇಳೆ ಮಿಲ್ಲಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮೂವತ್ತು ಜನ ಕೂಡಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರಿಂದ ಜೀಪಿನವರೆಗೆ ವೈರು. ಬಾನೆಟ್ ಎತ್ತಿತ್ತು, ಇಂಜಿನ್ ಚಾಲೂ ಇತ್ತು. ಬೀಬಿಜಾನ ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳಿದಳು.

“ಈ ಲೈನಿನ ಮ್ಯಾಲ ಇದೊಂದೇ ಮಷಿನ್ ರಿ. ಎರಡನೇದ್ದು ಹಚ್ಚಿದ್ರ ಫ್ಯೂಸ್ ಹೋಗ್ತದ.”

ನಾಗನಾಥ ಹೂಂ ಎಂದು ಕೈ ಬೀಸಿದ. ತೊಂಬತ್ತಾರರಲ್ಲಿಯೂ ಗಯಾಸುದ್ದೀನ್ ಇದೇ ಮಾತು ಹೇಳಿದ್ದ, ಇವನು ಲಾರಿಯ ಲೈನಿನ ಮೇಲೆ ಇನ್ನೂ ನಾಲ್ಕು ದೀಪ ಏರಿಸಿದ್ದ. ಬೇಡ ಎಂದದ್ದನ್ನು ಮಾಡದೆ ಈ ಮನುಷ್ಯ ಮಧ್ಯಾಹ್ನದವರೆಗೆ ಇರಲಾರ ಎಂದು ಬೀಬಿಜಾನ ಲೆಕ್ಕ ಹಾಕಿದ್ದಳು. ಅವಳು ಬೇರೆ ಏನೂ ಮಾಡಲಿಲ್ಲ, ಸಿಪ್ಪೆ ಸುಲಿದ ಒಂದು ತಾಮ್ರದ ತಂತಿಯನ್ನು ಜೀಪಿನ ಮಡ್‌ಗಾರ್ಡಿನ ಮೇಲೆ ಬಿಟ್ಟಳು. ಮಿಸ್ತ್ರಿಯ ಸುತ್ತ ಇರುವ ಕಸದಂತೆ ಅದು ಬಿಸಿಲಲ್ಲಿ ಹೊಳೆಯುತ್ತ ಬಿದ್ದಿತ್ತು.

ಏಪ್ರಿಲ್ ತಿಂಗಳು. ಹನ್ನೊಂದು ದಾಟುತ್ತಲೇ ವೀರಭದ್ರಪ್ಪ ಟವೆಲಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಅವರ ಒಂದು ಮಾತಿನ ಮೇಲೆ ಕುರ್ಚಿ ನಿಂತಿತ್ತು. ನಾಗನಾಥ ಮಿಲ್ಲಿನ ಆಫೀಸಿನಿಂದ ಟೇಬಲ್ ಫ್ಯಾನ್ ತರಿಸಿ ಅದೇ ಲೈನಿಗೆ ಹಚ್ಚಿಸಿದ. ಫ್ಯಾನ್ ತಿರುಗಿತು. ವೀರಭದ್ರಪ್ಪ ಕಣ್ಣು ಮುಚ್ಚಿ ಮುಖ ಒಡ್ಡಿದರು. ನಾಲ್ಕೈದು ನಿಮಿಷದ ಮೇಲೆ ಲ್ಯಾಪ್‌ಟಾಪ್ ಕಪ್ಪಾಯಿತು, ಫ್ಯಾನಿನ ರೆಕ್ಕೆಗಳು ನಿಧಾನವಾಗಿ ಒಂದೊಂದೇ ಕಾಣಿಸಿಕೊಂಡವು.

“ಕಂಪ್ಯೂಟರಿಗೂ ಲೋಡ್ ಶೆಡ್ಡಿಂಗ್ ಬಂತೇನಪಾ ನಾಗನಾಥ?” ಎಂದ ಮುಜಾಫರ್, ಹಳೆಯ ಲಾರಿ ಮಾಲೀಕ. ಜನ ನಕ್ಕರು.

ನಗು ಬೆನ್ನಿಗೆ ಬಿದ್ದವನಂತೆ ನಾಗನಾಥ ಜೀಪಿಗೆ ಬಂದ. ಏಳೆಂಟು ಜನ ಹಿಂದೆಯೇ ಬಂದರು.

“ಫ್ಯೂಸ್ ಹಾಕು.”

“ಐತ್ರಿ. ಫ್ಯಾನ್ ತೆಗೀರಿ, ಹಾಕ್ತೀನಿ.”

“ಕಾಕಾನ ಮುಂದಿನ ಫ್ಯಾನ್ ತೆಗೀಲೇನು? ಹಂಗೇ ಹಾಕು.”

“ಹಂಗ ನನ್ನಿಂದ ಆಗಂಗಿಲ್ರಿ.” ಅವಳು ಸಾಮಾನಿನ ಡಬ್ಬಿ ಮುಚ್ಚಿ ಅದರ ಮೇಲೆ ಕೂತಳು.

“ಇಷ್ಟಕ್ಕ ಮಿಸ್ತ್ರಿ ಬೇಕೇನು?”

ಅವನ ಕಣ್ಣು ತಂತಿಯ ಮೇಲೆ ಬಿತ್ತು. ಸುಟ್ಟ ಫ್ಯೂಸನ್ನು ಕಿತ್ತು ಬಲಗೈಯಲ್ಲಿ ಹಿಡಿದ, ಎಡಗೈಯಿಂದ ತಂತಿ ಎತ್ತಿಕೊಂಡ. ಬೀಬಿಜಾನ ಸುತ್ತು ಎಣಿಸಿದಳು. ಒಂದು. ಎರಡು. ಮೂರು. ತುದಿ ತಿರುವಿ, ಹಲ್ಲಿನಿಂದ ಬಾಗಿಸಿ, ಅಂಗಿಯ ಗುಂಡಿ ಹಾಕಿದಷ್ಟು ಸಲೀಸಾಗಿ ಜಾಗಕ್ಕೆ ಒತ್ತಿದ. ಫ್ಯಾನ್ ತಿರುಗಿತು, ಲ್ಯಾಪ್‌ಟಾಪ್ ಹತ್ತಿತು. ಅವನು ಸುತ್ತಲೂ ನೋಡಿ ನಕ್ಕ.

ಬೀಬಿಜಾನ ಎದ್ದಳು. ಬಾನೆಟ್ಟಿನೊಳಗೆ ಕೈ ಹಾಕಿ ಫ್ಯೂಸ್ ಕಿತ್ತಳು. ಮತ್ತೆ ಎಲ್ಲವೂ ಆರಿತು. ಸೆರಗಿನ ಗಂಟಿನಿಂದ ಬಟ್ಟೆಯ ಸುರುಳಿ ಬಿಚ್ಚಿ, ಸುಟ್ಟು ಕರಿಯಾದ ಹಳೆಯ ತುಂಡನ್ನು ಮಡ್‌ಗಾರ್ಡಿನ ಮೇಲೆ ಇಟ್ಟಳು. ಅದರ ಪಕ್ಕದಲ್ಲಿ ಹೊಸದನ್ನು ಇಟ್ಟಳು.

“ವೀರಭದ್ರಪ್ಪ ಕಾಕಾ, ಒಂದೀಟು ಇಲ್ಲಿ ಬರ್ರಿ. ಇದು ರಾಜೇಶ್ವರದಾಗ ಸುಟ್ಟ ಲಾರೀದು. ಇದು ಈಗಿಂದು. ನನ್ನ ಕಿಸೇದಾಗಿಂದಲ್ಲ, ನೀವೆಲ್ಲ ನೋಡೀರಿ.”

ವೀರಭದ್ರಪ್ಪ ಕನ್ನಡಕ ಹಾಕಿಕೊಂಡರು. ಅಲ್ಲಿದ್ದ ಪ್ರತಿಯೊಬ್ಬನೂ ಎಂದೋ ಒಂದು ದಿನ ದಾರಿಯಲ್ಲಿ ಫ್ಯೂಸಿಗೆ ತಂತಿ ಸುತ್ತಿದವನೇ. ಮುಜಾಫರ್ ತಂತಿ ಸುತ್ತುವವನಂತೆ ಗಾಳಿಯಲ್ಲಿ ತನ್ನ ಕೈ ಸುತ್ತಿ ನೋಡಿದ. ಇನ್ನೊಬ್ಬ ಸುತ್ತಿದ. ಮತ್ತೊಬ್ಬ. ಅಷ್ಟೂ ಕೈಗಳು ಒಂದೇ ದಿಕ್ಕಿಗೆ ತಿರುಗಿದವು. ಮಡ್‌ಗಾರ್ಡಿನ ಮೇಲಿನ ಎರಡು ತಂತಿಗಳು ಮಾತ್ರ ಇನ್ನೊಂದು ದಿಕ್ಕಿಗೆ ಮಲಗಿದ್ದವು, ಒಂದರ ಪಕ್ಕ ಒಂದು, ಒಡಹುಟ್ಟಿದವುಗಳಂತೆ.

“ನಾಗನಾಥ,” ಎಂದರು ವೀರಭದ್ರಪ್ಪ, “ಆವತ್ತು ಫ್ಯೂಸೇ ಇರಲಿಲ್ಲ ಅಂದಿದ್ದಿ.”

ನಾಗನಾಥನ ಎಡಗೈ ಕಿಸೆಯೊಳಗೆ ಹೋಗಿತ್ತು. ಒಂಬತ್ತು ವರ್ಷದ ಹಿಂದಿನ ಮಾತು ಈಗ ಯಾಕೆ ಎಂದು ಏನೋ ಹೇಳಹೊರಟ.

“ಫ್ಯೂಸ್ ಇತ್ತು,” ಎಂದಳು ಬೀಬಿಜಾನ. “ಅದರ ಮ್ಯಾಲ ನಿಮ್ಮ ಕೈ ಇತ್ತು.”

ಆಮೇಲೆ ಅವಳು ಫ್ಯಾನಿನ ವೈರು ಕಿತ್ತು, ಡಬ್ಬಿಯಿಂದ ಹೊಸ ಫ್ಯೂಸ್ ತೆಗೆದು ಹಾಕಿದಳು. ಲ್ಯಾಪ್‌ಟಾಪ್ ಹತ್ತಿಕೊಂಡಿತು. ಬೇವಿನ ನೆರಳಲ್ಲಿ ಅದು ನೀಲಿಯಾಗಿ ಉರಿಯುತ್ತಲೇ ಇತ್ತು, ಅದರ ಮುಂದೆ ಯಾರೂ ಕೂತಿರಲಿಲ್ಲ. ಮಾಡಿದ ಕೆಲಸ ಕೆಡಿಸದೆ ಬಿಟ್ಟು ಬಂದದ್ದೇ ಅವಳಿಗೆ ಎಲ್ಲಕ್ಕಿಂತ ರುಚಿಸಿದ ಸಂಗತಿ.

ನಾಗನಾಥನಿಗೆ ಕುರ್ಚಿ ಸಿಗಲಿಲ್ಲ. ಹದಿನೈದು ದಿನದೊಳಗೆ ಮುಜಾಫರನ ಲಾರಿ ತಗಡಿನ ಅಂಗಡಿಯ ಮುಂದೆ ನಿಂತಿತು, ಅದರ ಹಿಂದೆ ಇನ್ನೆರಡು. ಗಯಾಸುದ್ದೀನ್ ಬಂಡಿ ಬಿಡಲಿಲ್ಲ. ಆದರೆ ಒಂದು ಮುಂಜಾನೆ ಎರಡೂ ತುಂಡುಗಳನ್ನು ಕೇಳಿ ತೆಗೆದುಕೊಂಡ, ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದ, ಹಲಗೆಯ ಕೆಳಗೆ ತಾನೇ ಮೊಳೆ ಹೊಡೆದು ಅವನ್ನು ತೂಗುಹಾಕಿದ. ಬಂದವರೆಲ್ಲ ಇದೇನು ಎಂದು ಕೇಳುತ್ತಿದ್ದರು. ಬೀಬಿಜಾನ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದಳು, ಒಂದು ಮಾತನ್ನೂ ಬಿಡದೆ. ನಾಗನಾಥನ ಡ್ರೈವರುಗಳಿಗೂ ಹೇಳಿದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ವೀರಭದ್ರಪ್ಪ ಬಂದರು. ಲಾರಿಯವರೆಲ್ಲ ಸೇರಿ ಗಯಾಸನಿಗೆ ತಪ್ಪಾಯಿತು ಎಂದು ಹೇಳಿದ್ದಾಗಿತ್ತು. ಚಹಾ ಕುಡಿದು, ಲೋಟ ಕೆಳಗಿಟ್ಟು, ನಾಗನಾಥ ಆ ರಸ್ತೆಯಲ್ಲಿ ತಿರುಗಾಡುವುದನ್ನೇ ಬಿಟ್ಟಿದ್ದಾನೆ, ಸುತ್ತು ಹಾಕಿ ಹೋಗುತ್ತಾನೆ, ಇನ್ನಾದರೂ ಆ ತುಂಡುಗಳನ್ನು ಇಳಿಸಬಾರದೇ ಎಂದು ಕೇಳಿದರು.

ಬೀಬಿಜಾನ ಕೈಯಲ್ಲಿದ್ದ ಡೈನಮೊದ ಆರ್ಮೇಚರಿನಿಂದ ಕಣ್ಣೆತ್ತಲಿಲ್ಲ. ಒಂದು ಸುತ್ತು ಮುಗಿಸಿ, ಉಗುರಿನಿಂದ ಬಿಗಿ ಮಾಡಿ, ಆಮೇಲೆ ಹೇಳಿದಳು.

“ನಮ್ಮ ಮ್ಯಾಲಿನ ಮಾತು ಒಂಬತ್ತು ವರ್ಷ ತೂಗ್ಯಾದ ಕಾಕಾ. ಇದೂ ಅಷ್ಟೇ ತೂಗಲಿ. ಆಮ್ಯಾಲ ಬರ್ರಿ, ನಾನೇ ಇಳಿಸಿ ಕೊಡ್ತೀನಿ.”